ಐಎಸ್‌ಓ ಕೆಟ್ಟಿದೆಯೋ, ಡಿಸ್ಕ್ ಕೆಟ್ಟಿದೆಯೋ? ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರ ಶಾಲೆಯ ಲ್ಯಾಬ್‌ನ ಹಳೇ ಡೆಸ್ಕ್‌ಟಾಪ್‌ಗಳಿಗೆ ವಿಂಡೋಸ್ ಬದಲು ಪುಕ್ಕಟೆಯಾಗಿ ಸಿಗುವ ಲಿನಕ್ಸ್ ಹಾಕಿಕೊಟ್ಟ ದಿನದಿಂದ ನನಗೆ ಫೋನ್ ಬರುವುದು ನಿಂತಿಲ್ಲ. "ಮೂರು ಡಿಸ್ಕ್ ಸುಟ್ಟೆ, ಮೂರೂ ಒಂದೇ ಜಾಗದಲ್ಲಿ ನಿಲ್ಲುತ್ತೆ", "ಡೌನ್‌ಲೋಡ್ ಆಗಿದೆ, ಆದರೆ ಬೂಟ್ ಆಗಲ್ಲ." ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಅವೇ. ಪ್ರತಿ ಸಲ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ. ಐಎಸ್‌ಓ ಅಂದರೆ ಇನ್‌ಸ್ಟಾಲ್ ಡಿಸ್ಕಿನ ಪೂರ್ತಿ ಅಚ್ಚು ಇರುವ ಒಂದೇ ಫೈಲ್. ಅದನ್ನು ಡಿಸ್ಕಿಗೆ ಬರೆಯುವುದು ಸುಡುವುದು, ಆ ಡಿಸ್ಕಿನಿಂದ ಕಂಪ್ಯೂಟರ್ ಶುರುವಾಗುವುದು ಬೂಟ್. ಲಿನಕ್ಸ್‌ನ ಬಗೆಗಳಾದ ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್ ಇವನ್ನೇ ಮುಂದಿಟ್ಟುಕೊಂಡು ಬರೆದದ್ದು. ವಿಂಡೋಸ್‌ಗೆ ಬೇರೆ ದಾರಿ ಇರುವಲ್ಲಿ ಅದನ್ನೂ ಹೇಳಿದ್ದೇನೆ. ಆಜ್ಞೆಗಳನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರವೇ ಬೇಕು.

ಇನ್‌ಸ್ಟಾಲ್ ಅರ್ಧಕ್ಕೆ ನಿಂತಿದೆ. ಎಲ್ಲಿಂದ ಹುಡುಕಲು ಶುರು ಮಾಡಲಿ?

ಫೈಲ್ ಬಂದ ದಾರಿಯಲ್ಲೇ ಹೋಗಿ. ಅದು ಸರ್ವರ್‌ನಿಂದ ನಿಮ್ಮ ಹಾರ್ಡ್ ಡಿಸ್ಕ್‌ಗೆ ಬಂತು, ಅಲ್ಲಿಂದ ಡಿವಿಡಿಗೋ ಪೆನ್‌ಡ್ರೈವ್‌ಗೋ ಹೋಯಿತು, ಅದನ್ನು ಇನ್ನೊಂದು ಕಂಪ್ಯೂಟರಿನ ಡ್ರೈವ್ ಓದಿತು, ಓದಿದ್ದು ರ‍್ಯಾಮ್‌ಗೆ ಬಂತು, ಕೊನೆಗೆ ಆ ಕಂಪ್ಯೂಟರಿನ ಹಾರ್ಡ್ ಡಿಸ್ಕ್‌ಗೆ ಇಳಿಯಿತು. ಇದರಲ್ಲಿ ಯಾವ ಮೆಟ್ಟಿಲಲ್ಲಿ ಕೆಟ್ಟರೂ ಪರದೆಯ ಮೇಲೆ ಕಾಣುವುದು ಹೆಚ್ಚುಕಮ್ಮಿ ಒಂದೇ ತರಹದ ದೋಷ.

ಹೆಚ್ಚಿನವರು ಕೊನೆಯಿಂದ ಶುರು ಮಾಡುತ್ತಾರೆ. ಡಿಸ್ಕ್ ಸರಿಯಿಲ್ಲ ಅಂದುಕೊಂಡು ಇನ್ನೊಂದು ತರುತ್ತಾರೆ, ಅದೂ ಆಗದಿದ್ದರೆ ಮತ್ತೊಂದು. ಬೀಜವೇ ಜೊಳ್ಳಾಗಿದ್ದರೆ ಎಷ್ಟು ಸಲ ಬಿತ್ತಿದರೂ ಅಷ್ಟೇ. ಮೊದಲು ನಿಮ್ಮ ಹಾರ್ಡ್ ಡಿಸ್ಕ್‌ನಲ್ಲಿರುವ ಐಎಸ್‌ಓ ಫೈಲ್ ಸರಿಯಿದೆಯಾ ನೋಡಿ. ಅದು ಖಾತ್ರಿಯಾಗುವ ತನಕ ಹೊಸ ಡಿಸ್ಕ್ ಮುಟ್ಟಬೇಡಿ.

ಬ್ರೌಸರ್ ಡೌನ್‌ಲೋಡ್ ಮುಗಿಯಿತು ಎಂದಿತಲ್ಲ, ಮತ್ತೆ ಕೆಡುವುದು ಹೇಗೆ?

ಸಂಪರ್ಕ ಮುಗಿಯಿತು ಅನ್ನುವುದಕ್ಕೂ ಫೈಲ್ ಸರಿಯಾಗಿ ಬಂತು ಅನ್ನುವುದಕ್ಕೂ ವ್ಯತ್ಯಾಸವಿದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸುವಾಗ ಸಿಗ್ನಲ್ ಹೋಗಿ ಬಂದು ಮಾಡುತ್ತದೆ; ನಿಮಗೂ ಸರ್ವರ್‌ಗೂ ನಡುವೆ ನಿಂತು ಫೈಲ್ ದಾಟಿಸುವ ಕಂಪ್ಯೂಟರ್, ಅಂದರೆ ಪ್ರಾಕ್ಸಿ, ಅರ್ಧಕ್ಕೇ ಕೈತೊಳೆದುಕೊಂಡರೆ ಕೆಲವು ಸಲ ಬ್ರೌಸರ್ ಅದನ್ನೇ ಪೂರ್ತಿ ಎಂದು ನಂಬಿಬಿಡುತ್ತದೆ. ನಿಲ್ಲಿಸಿ ಮರುದಿನ ಮುಂದುವರಿಸಿದಾಗ ಅಷ್ಟರಲ್ಲಿ ಸರ್ವರ್‌ನಲ್ಲಿ ಹೊಸ ಆವೃತ್ತಿಯ ಫೈಲ್ ಬಂದಿದ್ದರೆ ತಲೆ ಹಳೆಯದು, ಬಾಲ ಹೊಸದು ಎಂಬಂಥ ಫೈಲ್ ತಯಾರಾಗುತ್ತದೆ. ಫೈಲ್ ಪ್ಯಾಕೆಟ್ ಎಂಬ ತುಂಡುಗಳಾಗಿ ಬರುತ್ತದೆ; ದಾರಿಯಲ್ಲಿ ಅವನ್ನು ಪರೀಕ್ಷಿಸುವ ಟಿಸಿಪಿ ಎಂಬ ಇಂಟರ್‌ನೆಟ್ ನಿಯಮದ ಚೆಕ್‌ಸಮ್ (ತಾಳೆ ನೋಡುವ ಸಂಖ್ಯೆ) ಕೇವಲ 16 ಬಿಟ್‌ನದು, ಎಲ್ಲ ತಪ್ಪನ್ನೂ ಅದು ಹಿಡಿಯುವುದಿಲ್ಲ.

ಇನ್ನೊಂದು ತಮಾಷೆಯ ಪ್ರಸಂಗ ಹಾಸ್ಟೆಲ್ ವೈಫೈಯದು. ಲಾಗಿನ್ ಅವಧಿ ಮುಗಿದಿರುತ್ತದೆ, ನೀವು ಡೌನ್‌ಲೋಡ್ ಒತ್ತುತ್ತೀರಿ, ವೈಫೈಯವರ ಲಾಗಿನ್ ಪುಟವೇ ಐಎಸ್‌ಓ ಎಂಬ ಹೆಸರು ಹೊತ್ತು ಬಂದು ಕೂರುತ್ತದೆ. ಹುಡುಗನೊಬ್ಬ ತಂದ ಅಂಥ "ಉಬುಂಟು" 14 ಕೆಬಿ ಇತ್ತು!

ಆದ್ದರಿಂದ ಮೊದಲು ಗಾತ್ರ ನೋಡಿ. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್‌ನಲ್ಲಿ ಜಿಬಿ ಅಲ್ಲ, ಬೈಟ್‌ಗಳ ಪೂರ್ತಿ ಸಂಖ್ಯೆ ಓದಿ, ತಾಣದಲ್ಲಿ ಕೊಟ್ಟದ್ದಕ್ಕೆ ಹೋಲಿಸಿ. ತಾಣದಲ್ಲಿ ಸಿಗದಿದ್ದರೆ ಕ್ಯಾಲ್ಕುಲೇಟರಿನಲ್ಲಿ 2048ರಿಂದ ಭಾಗಿಸಿ. ಐಎಸ್‌ಓ ಎಂಬುದು 2048 ಬೈಟ್‌ಗಳ ತುಂಡುಗಳ ಸಾಲು. ಶೇಷ ಉಳಿದರೆ ಫೈಲ್ ತುಂಡಾಗಿದೆ ಎಂದೇ ಲೆಕ್ಕ. ಶೇಷ ಉಳಿಯದಿದ್ದರೆ ಫೈಲ್ ಸರಿಯಿದೆ ಎಂದು ಮಾತ್ರ ತೀರ್ಮಾನಿಸಬೇಡಿ.

ಗಾತ್ರ ಸರಿಹೊಂದಿತು. ಅಷ್ಟು ಸಾಲದೇ?

ಸಾಲದು. ಮೂಟೆಯ ತೂಕ ಸರಿಯಿದ್ದರೆ ಒಳಗೆ ಅಕ್ಕಿಯೇ ಇದೆ ಅಂತೇನಿಲ್ಲವಲ್ಲ. ಒಳಗಿನದ್ದನ್ನು ನೋಡಲು ಚೆಕ್‌ಸಮ್ ಬೇಕು. ಇಡೀ ಫೈಲನ್ನು ಓದಿ ಅದಕ್ಕೊಂದು ಉದ್ದನೆಯ ಸಂಖ್ಯೆ ಕೊಡುವ ಲೆಕ್ಕಾಚಾರ ಅದು. ಐದು ಜಿಬಿಯಲ್ಲಿ ಒಂದೇ ಒಂದು ಬಿಟ್ ಬದಲಾದರೂ ಬರುವ ಸಂಖ್ಯೆ ಗುರುತೇ ಸಿಗದಷ್ಟು ಬೇರೆಯಾಗಿರುತ್ತದೆ. ಈಗ ಎಲ್ಲರೂ ಕೊಡುವುದು ಎಸ್‌ಎಚ್‌ಎ-256. ಅದರಲ್ಲಿ 64 ಚಿಹ್ನೆಗಳಿರುತ್ತವೆ, ಸೊನ್ನೆಯಿಂದ ಒಂಬತ್ತರ ಅಂಕಿ ಮತ್ತು ಎ ಇಂದ ಎಫ್ ತನಕದ ಅಕ್ಷರ.

ಲಿನಕ್ಸ್‌ನಲ್ಲಿ ಟರ್ಮಿನಲ್ ತೆರೆದು 'ಎಸ್‌ಎಚ್‌ಎ256ಸಮ್' ಎಂದು ಬರೆದು ಪಕ್ಕದಲ್ಲಿ ಫೈಲಿನ ಹೆಸರು ಕೊಟ್ಟರೆ ಮುಗಿಯಿತು. ವಿಂಡೋಸ್‌ನ ಪವರ್‌ಶೆಲ್‌ನಲ್ಲಿ 'ಗೆಟ್-ಫೈಲ್‌ಹ್ಯಾಶ್' ಇದೆ, ಅದು ತಾನಾಗಿಯೇ 256ರ ಲೆಕ್ಕ ಕೊಡುತ್ತದೆ. ಹಳೆಯ ಕಮಾಂಡ್ ಪ್ರಾಂಪ್ಟ್‌ನವರಿಗೆ 'ಸರ್ಟ್‌ಯುಟಿಲ್' ಇದೆ, ಆದರೆ ಅಲ್ಲೊಂದು ಹೊಂಡವಿದೆ: ಕೊನೆಯಲ್ಲಿ ಎಸ್‌ಎಚ್‌ಎ256 ಎಂದು ನೀವು ಹೇಳದಿದ್ದರೆ ಅದು ಹಳೆಯ ಎಸ್‌ಎಚ್‌ಎ-1 ಲೆಕ್ಕ ಮಾಡುತ್ತದೆ. 64ರ ಬದಲು 40 ಚಿಹ್ನೆ ಬರುತ್ತದೆ, ಹೊಂದುವುದಿಲ್ಲ. ಫೈಲ್ ಕೆಟ್ಟಿದೆ ಎಂದು ಗಾಬರಿಯಾಗಿ ಐದು ಜಿಬಿ ಮತ್ತೆ ಇಳಿಸಿದವರನ್ನು ಬಲ್ಲೆ. 32 ಚಿಹ್ನೆ ಬಂದರೆ ಅದು ಎಂಡಿ5. ಮೊದಲು ಉದ್ದ ಎಣಿಸಿ, ಆಮೇಲೆ ಹೋಲಿಸಿ.

64 ಅಕ್ಷರವನ್ನೂ ಒಂದೊಂದಾಗಿ ನೋಡಬೇಕಾ?

ತಾನಾಗಿ ಕೆಟ್ಟಿದೆಯಾ ಎಂದಷ್ಟೇ ತಿಳಿಯಬೇಕಿದ್ದರೆ ಮೊದಲಿನ ಎಂಟು, ಕೊನೆಯ ಎಂಟು ನೋಡಿದರೂ ಸಾಕು. ಯಾರಾದರೂ ಬೇಕೆಂದೇ ಬದಲಿಸಿದ್ದಾರಾ ಎಂಬ ಅನುಮಾನವಿದ್ದರೆ ಪೂರ್ತಿ ನೋಡಬೇಕು. ಎರಡನ್ನೂ ನೋಟ್‌ಪ್ಯಾಡ್‌ನಲ್ಲಿ ಒಂದರ ಕೆಳಗೊಂದು ಅಂಟಿಸಿಕೊಳ್ಳಿ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಪವರ್‌ಶೆಲ್ ದೊಡ್ಡಕ್ಷರದಲ್ಲೇ ಕೊಡುತ್ತದೆ.

ಹೊಂದಲಿಲ್ಲ. ಯಾರಾದರೂ ವೈರಸ್ ಸೇರಿಸಿರಬಹುದಾ?

ನೂರಕ್ಕೆ ತೊಂಬತ್ತೊಂಬತ್ತು ಸಲ ಅಲ್ಲ ಅನ್ನುವುದು ನನ್ನ ಅನುಭವ. ಮೊದಲು ಯಾವ ಆವೃತ್ತಿಯ ಸಂಖ್ಯೆಗೆ ಹೋಲಿಸುತ್ತಿದ್ದೀರಿ ನೋಡಿ. 22.04.4ರ ಫೈಲ್ ಇಟ್ಟುಕೊಂಡು 22.04.5ರ ಪಟ್ಟಿ ನೋಡುವುದು, ಡೆಸ್ಕ್‌ಟಾಪ್ ಫೈಲಿಗೆ ಸರ್ವರ್ ಸಾಲಿನ ಸಂಖ್ಯೆ ಹಿಡಿಯುವುದು ದಿನಾ ಆಗುವ ತಪ್ಪು.

ಹಾಗಂತ ಅನುಮಾನವೇ ಬೇಡ ಅನ್ನುವ ಹಾಗೂ ಇಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ತಾಣಕ್ಕೇ ಕನ್ನ ಹಾಕಿ, 17.3 ಸಿನಮನ್ ಆವೃತ್ತಿಯ ಡೌನ್‌ಲೋಡ್ ಕೊಂಡಿಯನ್ನು ಹಿಂಬಾಗಿಲು ಇಟ್ಟ ಐಎಸ್‌ಓ ಕಡೆ ತಿರುಗಿಸಿದ್ದರು. ತಾಣವೇ ಕಳ್ಳನ ಕೈಯಲ್ಲಿದ್ದಾಗ ಅದೇ ತಾಣದಲ್ಲಿರುವ ಚೆಕ್‌ಸಮ್ಮನ್ನೂ ಅವನು ಬದಲಿಸಬಲ್ಲ. ಅದಕ್ಕೇ ಚೆಕ್‌ಸಮ್ ಪಟ್ಟಿಯ ಜೊತೆ ಜಿಪಿಜಿ ಎಂಬ ತಂತ್ರಾಂಶದಲ್ಲಿ ಹಾಕಿದ ಡಿಜಿಟಲ್ ಸಹಿಯ ಫೈಲೊಂದು ಇರುತ್ತದೆ. ಪಟ್ಟಿಗೆ ಸಹಿ ಹಾಕಿದ್ದು ಅದನ್ನು ತಯಾರಿಸಿದವರೇ ಎಂಬುದನ್ನು ಅದು ತೋರಿಸುತ್ತದೆ. ಸಹಿಯ ಕೀಲಿಕೈಯನ್ನು ಬೇರೆ ಮೂಲದಿಂದ ತಂದು ನೋಡಿದರೆ ಮಾತ್ರ ಅದಕ್ಕೆ ಅರ್ಥ. ಮನೆಯ ಲ್ಯಾಪ್‌ಟಾಪಿಗೆ ಇಷ್ಟು ಬೇಕಾ ಎಂದರೆ, ಬ್ಯಾಂಕ್ ವ್ಯವಹಾರ ಮಾಡುವ ಲ್ಯಾಪ್‌ಟಾಪ್ ಆದರೆ ಬೇಕು ಅನ್ನುತ್ತೇನೆ.

ನನಗೆ ದಿನಕ್ಕೆ ಒಂದೂವರೆ ಜಿಬಿ ಡೇಟಾ. ಐದು ಜಿಬಿ ಮತ್ತೆ ಇಳಿಸಬೇಕಾ?

ಬೇಡವೇ ಬೇಡ. ನಾನು ಹೇಳಿಕೊಡುವುದರಲ್ಲಿ ಜನ ಅತಿ ಹೆಚ್ಚು ಖುಷಿಪಡುವುದು ಇದಕ್ಕೇ, ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಉಬುಂಟು, ಮಿಂಟ್, ಡೆಬಿಯನ್ ಎಲ್ಲವೂ ಐಎಸ್‌ಓ ಜೊತೆಗೆ ಅದೇ ಫೈಲಿನ ಟೊರೆಂಟನ್ನೂ ಕೊಡುತ್ತವೆ. ಆ ಫೈಲ್ ಈಗಾಗಲೇ ಇರುವವರಿಂದ ತುಂಡು ತುಂಡಾಗಿ ಇಳಿಸಿಕೊಳ್ಳುವ ದಾರಿ ಅದು. ಟೊರೆಂಟ್ ಅಂದರೆ ಕದ್ದ ಸಿನಿಮಾ ಎಂದೇ ನಮ್ಮಲ್ಲಿ ಹೆಸರು ಕೆಟ್ಟಿದೆ, ಆದರೆ ಇದು ಅಧಿಕೃತ ದಾರಿ. ಟೊರೆಂಟ್ ಫೈಲಿನಲ್ಲಿ ಇಡೀ ಐಎಸ್‌ಓವನ್ನು ಸಣ್ಣ ಸಣ್ಣ ತುಂಡು ಮಾಡಿ ಒಂದೊಂದು ತುಂಡಿನ ಚೆಕ್‌ಸಮ್ ಬರೆದಿರುತ್ತದೆ. ಹಾಗಾಗಿ ಯಾವ ತುಂಡು ಕೆಟ್ಟಿದೆ ಎಂದು ಅದು ಬೆರಳಿಟ್ಟು ತೋರಿಸಬಲ್ಲದು.

ನೀವು ಮಾಡಬೇಕಾದ್ದು ಇಷ್ಟು. ಟ್ರಾನ್ಸ್‌ಮಿಶನ್ ಅಥವಾ ಕ್ಯೂಬಿಟ್‌ಟೊರೆಂಟ್ ಎಂಬ ಟೊರೆಂಟ್ ತಂತ್ರಾಂಶ ಹಾಕಿಕೊಳ್ಳಿ. ನಿಮ್ಮ ಕೆಟ್ಟ ಐಎಸ್‌ಓವನ್ನು ಒಂದು ಫೋಲ್ಡರಿನಲ್ಲಿಡಿ, ಅದರ ಹೆಸರು ಟೊರೆಂಟಿನಲ್ಲಿ ಇರುವ ಹೆಸರೇ ಆಗಿರಲಿ. ಬ್ರೌಸರ್ ಬಾಲಕ್ಕೆ ಸೇರಿಸಿದ ಆವರಣದ 1 ಇದ್ದರೆ ತೆಗೆಯಿರಿ. ಈಗ ಟೊರೆಂಟ್ ಫೈಲ್ ತೆರೆದು, ಉಳಿಸುವ ಜಾಗ ಎಂದು ಅದೇ ಫೋಲ್ಡರ್ ತೋರಿಸಿ. ಅದು ತಾನಾಗಿ ಪರೀಕ್ಷೆ ಶುರು ಮಾಡದಿದ್ದರೆ ಫೋರ್ಸ್ ರೀಚೆಕ್ ಒತ್ತಿ, ಟ್ರಾನ್ಸ್‌ಮಿಶನ್‌ನಲ್ಲಾದರೆ ವೆರಿಫೈ ಲೋಕಲ್ ಡೇಟಾ. ಕಳೆದ ಮಳೆಗಾಲದಲ್ಲಿ ಹೀಗೆ ಮಾಡಿದಾಗ ಎಣಿಕೆ ನಿಧಾನಕ್ಕೆ ಏರಿ ಶೇಕಡಾ 99.8ಕ್ಕೆ ನಿಂತಿತು. ಉಳಿದ ಚೂರು ಇಳಿಯಲು ಎರಡು ನಿಮಿಷವೂ ಬೇಕಾಗಲಿಲ್ಲ. ಆಮೇಲೆ ಚೆಕ್‌ಸಮ್ ತೆಗೆದರೆ ಅಕ್ಷರಕ್ಕೆ ಅಕ್ಷರ ಹೊಂದಿತು.

ಎರಡು ಎಚ್ಚರಿಕೆ. ಟೊರೆಂಟ್ ಅದೇ ಆವೃತ್ತಿಯದ್ದಾಗಿರಬೇಕು, ಇಲ್ಲವಾದರೆ ಪರೀಕ್ಷೆ ಸೊನ್ನೆಗೆ ಬಂದು ಎಲ್ಲವನ್ನೂ ಹೊಸದಾಗಿ ಇಳಿಸತೊಡಗುತ್ತದೆ. ಕೆಲಸ ಮುಗಿದ ಮೇಲೆ ನಿಮ್ಮಿಂದ ಬೇರೆಯವರಿಗೆ ಕಳಿಸುವುದೂ ನಡೆದಿರುತ್ತದೆ. ಡೇಟಾ ಮಿತಿ ಇರುವವರು ನಿಲ್ಲಿಸಿಬಿಡಿ, ಇಲ್ಲದವರು ಒಂದಷ್ಟು ಹೊತ್ತು ಬಿಡಿ.

ಇನ್ನೂ ಇಳಿಸಿಯೇ ಇಲ್ಲದವರು ಶುರುವಿನಿಂದಲೇ ಟೊರೆಂಟ್ ಹಿಡಿಯಿರಿ. ಕರೆಂಟ್ ಹೋದರೂ, ಡೇಟಾ ಮುಗಿದರೂ ಮರುದಿನ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಚೆಕ್‌ಸಮ್ ಸರಿಯಿದೆ, ಡಿಸ್ಕ್ ಸುಟ್ಟೆ, ಆದರೂ ಬೂಟ್ ಆಗುತ್ತಿಲ್ಲ. ಯಾಕೆ?

ಆ ಡಿಸ್ಕನ್ನು ಓಡುತ್ತಿರುವ ಯಾವುದಾದರೂ ಕಂಪ್ಯೂಟರಿಗೆ ಹಾಕಿ ತೆರೆಯಿರಿ. ಒಳಗೆ ಒಂದೇ ಒಂದು ಐಎಸ್‌ಓ ಫೈಲ್ ಕಂಡರೆ ಕಾರಣ ಸಿಕ್ಕಿತು. ನೀವು ಹಾಡಿನ ಫೈಲ್ ಹಾಕಿದ ಹಾಗೆ ಐಎಸ್‌ಓವನ್ನು ಡಿಸ್ಕ್ ಒಳಗೆ ಇಟ್ಟಿದ್ದೀರಿ. ಐಎಸ್‌ಓ ಎಂಬುದು ಡಿಸ್ಕ್ ಒಳಗಿಡುವ ಫೈಲ್ ಅಲ್ಲ, ಡಿಸ್ಕಿನದೇ ಅಚ್ಚು. ಸರಿಯಾಗಿ ಬರೆದ ಉಬುಂಟು ಡಿಸ್ಕಿನಲ್ಲಿ ಬೂಟ್, ಕ್ಯಾಸ್ಪರ್ ಮುಂತಾದ ಫೋಲ್ಡರ್‌ಗಳು ಕಾಣುತ್ತವೆ.

ವಿಂಡೋಸ್ 7ರಿಂದೀಚೆಗೆ ಐಎಸ್‌ಓ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಬರ್ನ್ ಡಿಸ್ಕ್ ಇಮೇಜ್' ಎಂದೇ ಬರುತ್ತದೆ. ನಿಮ್ಮಲ್ಲಿ ವಿನ್‌ರಾರ್ ಇದ್ದರೆ ಐಎಸ್‌ಓಗೆ ಪುಸ್ತಕದ ಕಟ್ಟಿನ ಚಿತ್ರ ಬಂದುಬಿಟ್ಟಿರುತ್ತದೆ, ಅದನ್ನು ನೋಡಿ ಜಿಪ್ ಫೈಲ್ ಎಂದು ಬಿಚ್ಚಿ ಒಳಗಿನದ್ದನ್ನು ಡಿಸ್ಕಿಗೆ ಹಾಕುವವರೂ ಇದ್ದಾರೆ. ಅದೂ ಬೂಟ್ ಆಗುವುದಿಲ್ಲ.

ಯಾವ ಡಿಸ್ಕ್ ತರಲಿ, ಎಷ್ಟು ವೇಗದಲ್ಲಿ ಸುಡಲಿ?

ಡಿಸ್ಕ್ ತರುವ ಮುಂಚೆ ಗಾತ್ರ ನೋಡಿ. ಸಿಡಿಗೆ 700 ಎಂಬಿ. ಉಬುಂಟು 2012ರ ಅಕ್ಟೋಬರಿನಲ್ಲಿ ಬಂದ 12.10ರಿಂದಲೇ ಸಿಡಿಯ ಅಳತೆ ಬಿಟ್ಟಿತು. ಡಿವಿಡಿ ಮೇಲೆ 4.7 ಜಿಬಿ ಎಂದು ಬರೆದಿದ್ದರೂ ಕಂಪ್ಯೂಟರಿನ ಲೆಕ್ಕದಲ್ಲಿ ಅದು 4.38 ಮಾತ್ರ. ಉಬುಂಟು 24.04 ಐದು ಜಿಬಿ ದಾಟಿರುವುದರಿಂದ ಮಾಮೂಲಿ ಡಿವಿಡಿಗೆ ಹಿಡಿಸುವುದೇ ಇಲ್ಲ. ಎರಡು ಪದರದ 8.5 ಜಿಬಿ ಡಿಸ್ಕ್ ಸಿಗುತ್ತದೆ, ಆದರೆ ಆ ಖರ್ಚಿಗಿಂತ ಪೆನ್‌ಡ್ರೈವ್ ವಾಸಿ. ಮಿಂಟ್ ಮೂರು ಜಿಬಿ ಆಸುಪಾಸಿನಲ್ಲಿದೆ, ಡಿವಿಡಿಯಲ್ಲಿ ಆರಾಮಾಗಿ ಕೂರುತ್ತದೆ.

ವೇಗ 4ಎಕ್ಸ್ ಅಥವಾ 8ಎಕ್ಸ್ ಇಡಿ. 16ಎಕ್ಸ್‌ನಲ್ಲಿ ಸುಟ್ಟದ್ದನ್ನು ಸುಟ್ಟ ಡ್ರೈವ್ ಓದುತ್ತದೆ, ಹಳೇ ಕಂಪ್ಯೂಟರಿನ ಸವೆದ ಡ್ರೈವ್ ಓದುವುದಿಲ್ಲ. ಬರೆದ ಮೇಲೆ 'ವೆರಿಫೈ' ಟಿಕ್ ಮಾಡುವುದನ್ನು ಮರೆಯಬೇಡಿ. ಅದು ತೆಗೆದುಕೊಳ್ಳುವ ಐದು ನಿಮಿಷ ಉಳಿಸಲು ಹೋಗಿ ಒಂದು ಸಂಜೆಯನ್ನೇ ನಾನು ಕಳೆದುಕೊಂಡಿದ್ದೇನೆ.

ಮಲೆನಾಡು, ಕರಾವಳಿಯವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್ ತನಕ ಬೀರುವಿನಲ್ಲಿಟ್ಟ ಡಿಸ್ಕಿನ ಮೇಲೂ ಬೂಷ್ಟು ಬರುತ್ತದೆ. ಒರೆಸುವಾಗ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ತಿರುಗಿಸಿ ಉಜ್ಜಬೇಡಿ. ಮಾಹಿತಿ ಸುರುಳಿಯಾಗಿ ಬರೆದಿರುತ್ತದೆ. ಅದರ ಉದ್ದಕ್ಕೆ ಗೀರು ಬಿದ್ದರೆ ಒಂದೇ ಕಡೆಯ ಮಾಹಿತಿ ಸಾಲಾಗಿ ಹೋಗುತ್ತದೆ, ಅಡ್ಡಕ್ಕೆ ಬಿದ್ದರೆ ಡ್ರೈವ್ ಹೇಗೋ ಸರಿಪಡಿಸಿಕೊಳ್ಳುತ್ತದೆ.

ಒಂದು ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ. 2005ರಿಂದ 2011ರ ತನಕ ಕ್ಯಾನೊನಿಕಲ್ ಕಂಪನಿ ಶಿಪ್‌ಇಟ್ ಎಂಬ ಹೆಸರಲ್ಲಿ ಉಬುಂಟು ಸಿಡಿಗಳನ್ನು ಪುಕ್ಕಟೆಯಾಗಿ ಅಂಚೆಯಲ್ಲಿ ಕಳಿಸುತ್ತಿತ್ತು. ಪೋಸ್ಟ್‌ಮ್ಯಾನ್ ಆ ಲಕೋಟೆ ತಂದ ದಿನ ಫಾರಿನ್‌ನಿಂದ ಏನೋ ಬಂದಿದೆ ಎಂದು ಕೇರಿಯಲ್ಲೆಲ್ಲ ಸುದ್ದಿ.

ಪೆನ್‌ಡ್ರೈವ್‌ಗೆ ಐಎಸ್‌ಓ ಕಾಪಿ ಮಾಡಿದರೆ ಸಾಕಾ?

ಇಲ್ಲ, ಇಲ್ಲೂ ಡಿಸ್ಕಿನ ಕತೆಯೇ. ವಿಂಡೋಸ್‌ನಲ್ಲಿ ರೂಫಸ್, ಎಲ್ಲೆಡೆ ನಡೆಯುವ ಬಲೆನಾಎಚರ್, ಇವು ಅಚ್ಚನ್ನು ಸರಿಯಾಗಿ ಇಳಿಸುತ್ತವೆ. ಬರೀ ಕಾಪಿ ಮಾಡಿಯೇ ಬೂಟ್ ಮಾಡಬೇಕೆಂದರೆ ವೆಂಟಾಯ್ ಇದೆ. ಅದನ್ನು ಒಮ್ಮೆ ಹಾಕಿದರೆ ಆಮೇಲೆ ಐಎಸ್‌ಓಗಳನ್ನು ಸುಮ್ಮನೆ ತಂದು ಹಾಕುತ್ತ ಹೋಗಬಹುದು. ಯಾವುದನ್ನು ಬಳಸಿದರೂ ಪೆನ್‌ಡ್ರೈವ್‌ನಲ್ಲಿ ಮೊದಲಿದ್ದದ್ದು ಅಳಿಸಿಹೋಗುತ್ತದೆ. ಮದುವೆ ಫೋಟೊ ಇದ್ದರೆ ಮೊದಲೇ ತೆಗೆದಿಟ್ಟುಕೊಳ್ಳಿ.

ಲಿನಕ್ಸ್ ಬರೆದ ಪೆನ್‌ಡ್ರೈವನ್ನು ಮತ್ತೆ ವಿಂಡೋಸ್‌ಗೆ ಹಾಕಿದರೆ 'ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು' ಎಂದು ಕೇಳಬಹುದು. ಬೇಡ ಅನ್ನಿ! ಕೆಟ್ಟಿದ್ದಕ್ಕೆ ಕೇಳಿದ್ದಲ್ಲ, ಅದಕ್ಕೆ ಓದಲು ಬರದ್ದಕ್ಕೆ ಕೇಳಿದ್ದು.

ವಿಂಡೋಸ್ ಐಎಸ್‌ಓದವರು ಎಡವುವುದು ಬೇರೆ ಕಡೆ. ಫ್ಯಾಟ್32 ಎಂಬ ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿ ಮುಟ್ಟುವ ಒಂದೇ ಫೈಲ್ ಹಿಡಿಯುವುದಿಲ್ಲ, ಈಗಿನ ವಿಂಡೋಸ್‌ನ ಇನ್‌ಸ್ಟಾಲ್ ವಿಮ್ ಫೈಲ್ ಆ ಮಿತಿ ದಾಟಿರುತ್ತದೆ. ಕೈಯಿಂದ ಕಾಪಿ ಮಾಡಿದರೆ ಅದೊಂದು ಬಿಟ್ಟು ಉಳಿದೆಲ್ಲ ಹೋಗಿ, ಬೂಟ್ ಆಗಿ, ಅರ್ಧದಲ್ಲಿ ಕೈಕೊಡುತ್ತದೆ. ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಶನ್ ಟೂಲ್ ಅಥವಾ ರೂಫಸ್ ಬಳಸಿದರೆ ಈ ರಗಳೆ ಇಲ್ಲ.

ಕೊನೆಗೆ ನಕಲಿ ಪೆನ್‌ಡ್ರೈವ್. ಫುಟ್‌ಪಾತಿನಲ್ಲಿ ಅಗ್ಗಕ್ಕೆ ಸಿಗುವ '64 ಜಿಬಿ'ಯ ಒಳಗೆ ನಿಜವಾಗಿ 8 ಜಿಬಿಯೇ ಇದ್ದು, ಅದು 64 ಎಂದು ಸುಳ್ಳು ಹೇಳುತ್ತಿರಬಹುದು. ಬರೆಯುವಾಗ ಏನೂ ದೋಷ ತೋರಿಸುವುದಿಲ್ಲ, ಓದುವಾಗ ಕಸ ಬರುತ್ತದೆ. ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಲಿನಕ್ಸ್‌ನಲ್ಲಿ ಎಫ್3 ಎಂಬ ಸಾಧನಗಳು ಪೂರ್ತಿ ತುಂಬಿಸಿ ಓದಿ ನಿಜ ಹೇಳುತ್ತವೆ.

ಬರೆದದ್ದು ಸರಿಯಿದೆಯಾ ಎಂದು ಬೂಟ್ ಮಾಡಿ ನೋಡುವ ದಾರಿ ಇದೆಯಾ?

ಇದೆ. ಲಿನಕ್ಸ್‌ನದೇ ಇನ್ನೊಂದು ಬಗೆಯಾದ ಫೆಡೋರಾದ ಮೊದಲ ಪರದೆಯಲ್ಲೇ 'ಟೆಸ್ಟ್ ದಿಸ್ ಮೀಡಿಯಾ' ಎಂಬ ಆಯ್ಕೆ ಇರುತ್ತದೆ. ಉಬುಂಟು 20.04ರಿಂದ ಬೂಟ್ ಆಗುವಾಗ ತಾನಾಗಿಯೇ ಫೈಲ್‌ಗಳನ್ನು ಪರೀಕ್ಷಿಸುತ್ತದೆ. ಕಂಟ್ರೋಲ್ ಸಿ ಒತ್ತಿದರೆ ಬಿಟ್ಟುಬಿಡುತ್ತದೆ. ಅವಸರದಲ್ಲಿ ಎಲ್ಲರೂ ಅದನ್ನೇ ಒತ್ತುವುದು. ಮೊದಲ ಸಲವಾದರೂ ಒತ್ತಬೇಡಿ, ಚಹಾ ಕುಡಿದು ಬನ್ನಿ. ಕೆಲವು ಫೈಲ್‌ಗಳಲ್ಲಿ ದೋಷ ಎಂದು ಹೇಳಿದರೆ ಇನ್‌ಸ್ಟಾಲ್ ಮುಂದುವರಿಸಬೇಡಿ.

ಇಡೀ ಪೆನ್‌ಡ್ರೈವಿನ ಚೆಕ್‌ಸಮ್ ತೆಗೆದು ಐಎಸ್‌ಓದಕ್ಕೆ ಹೋಲಿಸುವುದು ವ್ಯರ್ಥ. 16 ಜಿಬಿಯಲ್ಲಿ ಮೊದಲ ಮೂರು ಜಿಬಿ ಮಾತ್ರ ಐಎಸ್‌ಓ, ಉಳಿದ ಖಾಲಿ ಜಾಗವೂ ಲೆಕ್ಕಕ್ಕೆ ಸೇರುವುದರಿಂದ ಎಂದೂ ಹೊಂದುವುದಿಲ್ಲ.

ಫೈಲ್ ಸರಿ, ಡಿಸ್ಕ್ ಸರಿ, ಪೆನ್‌ಡ್ರೈವ್ ಸರಿ. ಆದರೂ 'ಎರ್ನೋ 5 ಇನ್‌ಪುಟ್ ಔಟ್‌ಪುಟ್ ಎರರ್' ಬರುತ್ತಿದೆ.

ಈಗ ಕಂಪ್ಯೂಟರಿನ ಸರದಿ. ಈ ದೋಷಕ್ಕೆ ಉಬುಂಟುವಿನ ಹಳೆಯ ಇನ್‌ಸ್ಟಾಲರ್ ತಾನೇ ಮೂವರ ಮೇಲೆ ಅನುಮಾನ ಹೇಳುತ್ತದೆ: ಡಿಸ್ಕ್, ಡಿಸ್ಕ್ ಓದುವ ಡ್ರೈವ್, ಬರೆಯುತ್ತಿರುವ ಹಾರ್ಡ್ ಡಿಸ್ಕ್. 'ಸ್ಕ್ವಾಶ್‌ಎಫ್‌ಎಸ್ ಎರರ್' ಎಂಬ ಸಾಲುಗಳು ಸುರಿಯತೊಡಗಿದರೆ ಓದುವ ಕಡೆಯೇ ತೊಂದರೆ, ಅಂದರೆ ಡಿಸ್ಕ್, ಪೆನ್‌ಡ್ರೈವ್ ಅಥವಾ ಆ ಯುಎಸ್‌ಬಿ ಕಿಂಡಿ. ಮುಂಭಾಗದ ಕಿಂಡಿ ಬಿಟ್ಟು ಹಿಂದಿನದಕ್ಕೆ ಚುಚ್ಚಿ ನೋಡಿ, ಎಷ್ಟೋ ಸಲ ಅಷ್ಟಕ್ಕೇ ಬಗೆಹರಿಯುತ್ತದೆ. ವಿಂಡೋಸ್‌ನಲ್ಲಿ ಇದೇ ಜಾತಿಯ ದೋಷದ ಸಂಖ್ಯೆ 0ಎಕ್ಸ್80070570.

ಮೂವರಲ್ಲದ ನಾಲ್ಕನೆಯವನು ರ‍್ಯಾಮ್. ಶಾಲೆಯ ಲ್ಯಾಬ್‌ನ ಒಂದು ಕಂಪ್ಯೂಟರ್ ನನ್ನನ್ನು ಎರಡು ದಿನ ಸತಾಯಿಸಿತ್ತು. ಒಂದು ಸಲ ಶೇಕಡಾ 40ಕ್ಕೆ ನಿಂತರೆ ಇನ್ನೊಂದು ಸಲ 70ಕ್ಕೆ. ಡಿಸ್ಕ್ ಕೆಟ್ಟಿದ್ದರೆ ಹೆಚ್ಚಾಗಿ ಒಂದೇ ಜಾಗದಲ್ಲಿ ನಿಲ್ಲುತ್ತದೆ. ಬೇರೆ ಬೇರೆ ಕಡೆ ನಿಂತರೆ ರ‍್ಯಾಮ್ ಮೇಲೆ ಕಣ್ಣಿಡಬೇಕು. ಅದೇ ಯಂತ್ರದಲ್ಲಿ ಒಂದೇ ಫೈಲಿನ ಚೆಕ್‌ಸಮ್ ಮೂರು ಸಲ ತೆಗೆದೆ, ಮೂರು ಸಲವೂ ಬೇರೆ ಬೇರೆ ಉತ್ತರ. ಫೈಲ್ ಬದಲಾಗಿಲ್ಲ, ಲೆಕ್ಕ ಮಾಡುವವನಿಗೇ ಮರೆವು!

ಪವರ್ ತೆಗೆದು, ರ‍್ಯಾಮ್ ಕಡ್ಡಿ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಲ್ಲಿ ಮೆಲ್ಲಗೆ ಉಜ್ಜಿ, ಚೂರು ಊದಿ ಮತ್ತೆ ಕೂರಿಸಿ. ರಿಪೇರಿ ಅಂಗಡಿಯವರು ಮೊದಲು ಮಾಡುವುದೂ ಇದನ್ನೇ. ಆಮೇಲೆ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಅನ್ನು ರಾತ್ರಿಯಿಡೀ ಓಡಲು ಬಿಡಿ. ಒಂದೇ ಒಂದು ಕೆಂಪು ಸಾಲು ಬಂದರೂ ಆ ಕಡ್ಡಿ ಬೇಡ. ನಮ್ಮ ಲ್ಯಾಬ್‌ನದ್ದು ಉಜ್ಜಿದರೂ ಸರಿಹೋಗಲಿಲ್ಲ. ಎರಡರಲ್ಲಿ ಒಂದನ್ನು ತೆಗೆದಿಟ್ಟು, ಉಳಿದ 2 ಜಿಬಿಯಲ್ಲೇ ಹಗುರ ಆವೃತ್ತಿ ಹಾಕಿದೆವು.

ಡಿಸ್ಕ್ ಹಾಕಿದರೂ ಹಳೆಯ ವಿಂಡೋಸ್ ಬರುತ್ತದೆ, ಅಥವಾ 'ಎಕ್ಸ್86-64 ಸಿಪಿಯು ಬೇಕು' ಎನ್ನುತ್ತದೆ.

ಎರಡೂ ಡಿಸ್ಕಿನ ತಪ್ಪಲ್ಲ. ಮೊದಲನೆಯದಕ್ಕೆ ಪವರ್ ಒತ್ತಿದ ಕೂಡಲೇ ಬೂಟ್ ಮೆನುವಿನ ಕೀಲಿ ಟಕಟಕ ಒತ್ತಬೇಕು. ಡೆಲ್, ಲೆನೊವೊದಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9. ಎರಡನೆಯದು ಬಂದರೆ ನಿಮ್ಮದು 32 ಬಿಟ್ ಪ್ರೊಸೆಸರ್. ಉಬುಂಟು ಅದಕ್ಕೆ ಡೆಸ್ಕ್‌ಟಾಪ್ ಐಎಸ್‌ಓ ಕೊಡುವುದನ್ನು 2017ರ 17.10ರಲ್ಲೇ ನಿಲ್ಲಿಸಿತು. ಡೆಬಿಯನ್ 12ರಲ್ಲಿ 32 ಬಿಟ್‌ನ ಇನ್‌ಸ್ಟಾಲರ್ ಇದೆ, 2025ರಲ್ಲಿ ಬಂದ 13ರಲ್ಲಿ ಇಲ್ಲ.

ಅರ್ಧಕ್ಕೆ ನಿಂತಾಗ ನನ್ನ ಹಳೆಯ ಫೈಲ್‌ಗಳು ಹೋದವಾ?

ಪಾರ್ಟಿಶನ್ (ಹಾರ್ಡ್ ಡಿಸ್ಕಿನ ಭಾಗ) ಆರಿಸಿ 'ಇನ್‌ಸ್ಟಾಲ್ ನೌ' ಒತ್ತುವ ಮೊದಲೇ ನಿಂತಿದ್ದರೆ ಏನೂ ಆಗಿಲ್ಲ. ಒತ್ತಿ, 'ಇಡೀ ಡಿಸ್ಕ್ ಅಳಿಸು' ಎಂದು ಹೇಳಿ ಆಗಿದ್ದರೆ ಅಲ್ಲಿಗೇ ಕೈ ಎತ್ತಿ. ಮತ್ತೊಮ್ಮೆ ಪ್ರಯತ್ನಿಸೋಣ ಎಂದು ಹೊರಟಷ್ಟೂ ಹಳೆಯದರ ಮೇಲೆ ಹೊಸದು ಕೂರುತ್ತದೆ. ಬೇರೆ ಪೆನ್‌ಡ್ರೈವ್‌ನಿಂದ ಲೈವ್ ಲಿನಕ್ಸ್ (ಇನ್‌ಸ್ಟಾಲ್ ಮಾಡದೆಯೇ ಓಡುವುದು) ಬೂಟ್ ಮಾಡಿ ಟೆಸ್ಟ್‌ಡಿಸ್ಕ್ ಎಂಬ ಸಾಧನ ಓಡಿಸಿದರೆ ಕಳೆದ ಪಾರ್ಟಿಶನ್ ಸಿಗುವ ಸಾಧ್ಯತೆಯಿದೆ. ಸಿಕ್ಕಿದ್ದನ್ನು ಅದೇ ಡಿಸ್ಕಿಗೆ ಬರೆಯಬೇಡಿ, ಹೊರಗಿನದಕ್ಕೆ ಬರೆಯಿರಿ.

ಕೆಟ್ಟ ಡಿಸ್ಕ್‌ಗಳನ್ನು ಏನು ಮಾಡಲಿ?

ಡಿವಿಡಿ-ಆರ್ ಆಗಿದ್ದರೆ ಮತ್ತೆ ಬರೆಯಲು ಆಗುವುದಿಲ್ಲ. ನಮ್ಮಲ್ಲಿ ದಾರ ಕಟ್ಟಿ ಗದ್ದೆ ಅಂಚಿಗೆ ತೂಗುಹಾಕುತ್ತಾರೆ, ಬಿಸಿಲಿಗೆ ಹೊಳೆದರೆ ಹಕ್ಕಿ ಬರುವುದಿಲ್ಲ ಅಂತ. ಉಬುಂಟು 12.04ರ ಮೂರು ಪ್ರತಿ ಈಗಲೂ ಅಲ್ಲಿ ನೇತಾಡುತ್ತಿವೆ. ಗಿಳಿಗಳು ಮೊದಲ ವರ್ಷ ಹೆದರಿದವು. ಈಗ ಅದೇ ದಾರದ ಮೇಲೆ ಕೂತು ಭತ್ತ ತಿನ್ನುತ್ತವೆ.